ಬಾಯಿ ಕಟ್ಟುವುದೋ, ಹೊಟ್ಟೆ ಕೊಯ್ಯಿಸುವುದೋ?

ಕಳೆದ ಅಡಿಕೆ ಕೊಯ್ಲಿನ ಸಮಯದಲ್ಲಿ ನಮ್ಮ ಸದಸ್ಯರೊಬ್ಬರು ಸಾಲದ ಅರ್ಜಿ ಹಿಡಿದು ಸಂಘದ ಕಚೇರಿಗೆ ಬಂದರು. ಗೊಬ್ಬರಕ್ಕಲ್ಲ, ಪಂಪ್‌ಸೆಟ್ಟಿಗಲ್ಲ, ಮೈತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ. ವಯಸ್ಸು 46. ಗೋದಾಮಿನ ತೂಕದ ಯಂತ್ರದ ಮೇಲೆ ನಿಂತರೆ 128 ಕಿಲೋ, ಹೆಚ್ಚು ಕಡಿಮೆ ಎರಡು ಚೀಲ ಅಡಿಕೆಯ ಭಾರ. ಎಂಟು ವರ್ಷದ ಮಧುಮೇಹ. ರಾತ್ರಿ ನಿದ್ರೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುತ್ತಾರೆ. ತೋಟಕ್ಕೆ ಇಳಿದರೆ ಮತ್ತೆ ಹತ್ತಿ ಬರುವುದು ಕಷ್ಟ.

“ಬಾಯಿ ಕಟ್ಟಿದ್ರೆ ಸಾಕಲ್ಲ ಮಾರಾಯ, ಹೊಟ್ಟೆ ಯಾಕೆ ಕೊಯ್ಸೋದು ಅಂತಾರೆ ಅಮ್ಮ. ನೀವು ಓದಿದವರು ಸೆಕ್ರೆಟ್ರಿಗಳೇ, ನೀವಾಗಿದ್ದರೆ ಏನು ಮಾಡ್ತಿದ್ರಿ?” ಎಂದು ಕೇಳಿದರು.

ನಾನು ವೈದ್ಯನಲ್ಲ. ಬಿ.ಎಸ್ಸಿ. ಓದಿ ತೋಟಕ್ಕೆ ಮರಳಿದವನು. ಆದರೆ ಪ್ರಶ್ನೆ ನನಗೂ ಸಂಬಂಧಿಸಿದ್ದೇ ಆಗಿತ್ತು. ನನ್ನ ತೂಕ 88 ಕಿಲೋ, ಮಧುಮೇಹ ಕಾಣಿಸಿಕೊಂಡು ನಾಲ್ಕು ವರ್ಷ. ಎರಡು ಸಲ ಪಥ್ಯ ಮಾಡಿ, ಒಮ್ಮೆ 12 ಕಿಲೋ ಇಳಿಸಿ, ಎರಡು ಮಳೆಗಾಲ ಕಳೆಯುವುದರೊಳಗೆ 14 ಕಿಲೋ ಏರಿಸಿಕೊಂಡವನು. ಮನೆಯವರು ಇದಕ್ಕೆ ನನ್ನ ನಾಲಿಗೆಯ ಚಾಪಲ್ಯವೇ ಕಾರಣವೆಂದರು. ನಾನೂ ಹಾಗೆಯೇ ನಂಬಿದ್ದೆ.

ಅದು ಪೂರ್ತಿ ನಿಜವಲ್ಲವೆಂದು ಈಗ ತಿಳಿದಿದೆ. 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 50 ಮಂದಿಗೆ ಹತ್ತು ವಾರ ಬಿಗಿ ಪಥ್ಯ ಮಾಡಿಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ತೂಕ ಇಳಿದೊಡನೆ ಹಸಿವನ್ನು ಹೆಚ್ಚಿಸುವ ಗ್ರೆಲಿನ್ ಎಂಬ ಹಾರ್ಮೋನು ಏರಿತು, ತೃಪ್ತಿ ತರುವ ಹಾರ್ಮೋನುಗಳು ಇಳಿದವು. ವರ್ಷ ಕಳೆದರೂ ಅವು ಮೊದಲಿನ ಸ್ಥಿತಿಗೆ ಬಂದಿರಲಿಲ್ಲ. ಅಂದರೆ ಕಳೆದುಕೊಂಡ ತೂಕವನ್ನು ವಾಪಸು ತರಲು ದೇಹವೇ ಹಟ ಹಿಡಿಯುತ್ತದೆ. ಕಾಫಿ ಗಿಡದ ಚಿಗುರು ಒಮ್ಮೆ ತೆಗೆದು ಸುಮ್ಮನೆ ಕೂತರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ಬಗೆ. ಈಗ ಹೆಚ್ಚು ನಡೆಯುವ ‘ಸ್ಲೀವ್’ ಕ್ರಮದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಕ್ಕಿ ಕತ್ತರಿಸಿ ತೆಗೆದು, ಉಳಿದುದನ್ನು ಸಣ್ಣ ಕೊಳವೆಯಂತೆ ಮಾಡುತ್ತಾರೆ. ‘ಬೈಪಾಸ್’ ಕ್ರಮದಲ್ಲಿ ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲ ಮಾಡಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಇದನ್ನು ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ 1966ರಲ್ಲಿ ಆರಂಭಿಸಿದರು. ಎರಡರಲ್ಲೂ ಜಾಗ ಕಿರಿದಾಗುವುದಷ್ಟೇ ಅಲ್ಲ, ಹಸಿವಿನ ಹಾರ್ಮೋನುಗಳೂ ಬದಲಾಗುತ್ತವೆ. ಪಥ್ಯದಿಂದಾಗದ ಕೆಲಸ ಇದು.

ಇದರ ಫಲ ಎಷ್ಟು ಕಾಲ ನಿಲ್ಲುತ್ತದೆ? ಸಾಲ ಕೊಡುವವನೂ ಪಡೆಯುವವನೂ ಕೇಳಬೇಕಾದ ಪ್ರಶ್ನೆಯಿದು. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 2,010 ಮಂದಿಯನ್ನೂ, ಮಾಡಿಸಿಕೊಳ್ಳದ ಅಂಥವರೇ 2,037 ಮಂದಿಯನ್ನೂ ದಶಕಗಳ ಕಾಲ ಹಿಂಬಾಲಿಸಿದರು. ಎರಡು ವರ್ಷಕ್ಕೆ ಮೊದಲ ಗುಂಪಿನವರ ತೂಕ ಸರಾಸರಿ ಶೇಕಡಾ 23 ಇಳಿದಿತ್ತು. ಆಮೇಲೆ ಸ್ವಲ್ಪ ಮರಳಿ ಬಂದು, ಇಪ್ಪತ್ತು ವರ್ಷಕ್ಕೆ ಶೇಕಡಾ 18ರ ಇಳಿತ ಉಳಿದಿತ್ತು. ಎರಡನೆಯ ಗುಂಪು ಹೆಚ್ಚು ಕಡಿಮೆ ಇದ್ದಲ್ಲಿಯೇ ಇತ್ತು. 2020ರಲ್ಲಿ ಪ್ರಕಟವಾದ ಲೆಕ್ಕದಂತೆ ಶಸ್ತ್ರಚಿಕಿತ್ಸೆಯವರ ಆಯಸ್ಸು ಸುಮಾರು ಮೂರು ವರ್ಷ ಹೆಚ್ಚು. ಹಾಗೆಂದು ಅವರು ಸಾಮಾನ್ಯ ಜನರಷ್ಟು ಬದುಕಲಿಲ್ಲ. ಅಲ್ಲಿಗೆ ಇನ್ನೂ ಐದೂವರೆ ವರ್ಷ ಕಡಿಮೆಯೇ. ಮಧುಮೇಹವೂ ಹಾಗೆ: ಎರಡನೆಯ ವರ್ಷ ನೂರಕ್ಕೆ 72 ಮಂದಿಯಲ್ಲಿ ಅದು ಶಮನವಾಗಿತ್ತು, ಹತ್ತನೆಯ ವರ್ಷಕ್ಕೆ 36 ಮಂದಿಯಲ್ಲಿ ಮಾತ್ರ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಸ್ವೀಡನ್ನಿನ ಎರಡನೆಯ ಗುಂಪಿಗೆ ದೊರೆತದ್ದು ಊರ ವೈದ್ಯರ ಮಾಮೂಲು ಸಲಹೆ, ಕಟ್ಟುನಿಟ್ಟಿನ ಪಥ್ಯವಲ್ಲ. ಕಟ್ಟುನಿಟ್ಟಿನದು ಬೇರೆ ಕಡೆ ನಡೆದಿದೆ. ಬ್ರಿಟನ್ನಿನಲ್ಲಿ ಮಧುಮೇಹ ಬಂದು ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದ ಜನರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲೊರಿಯ ಆಸುಪಾಸಿನ ಆಹಾರವನ್ನಷ್ಟೇ ಕೊಟ್ಟರು. ವರ್ಷದ ಕೊನೆಗೆ ನೂರಕ್ಕೆ 46 ಮಂದಿಯಲ್ಲಿ ಮಧುಮೇಹ ಶಮನವಾಗಿತ್ತು, ಎರಡನೆಯ ವರ್ಷ 36 ಮಂದಿಯಲ್ಲಿ. ಐದನೆಯ ವರ್ಷದ ವೇಳೆಗೆ ಆ ಸಂಖ್ಯೆ ಬಹಳ ಇಳಿದಿತ್ತು. ತೂಕ ಮರಳಿದವರಲ್ಲಿ ಕಾಯಿಲೆಯೂ ಮರಳಿತು.

(ಈಚೆಗೆ ವಾರಕ್ಕೊಮ್ಮೆ ಚುಚ್ಚುವ ಇಂಜೆಕ್ಷನ್ ಬಂದಿದೆಯಲ್ಲ ಎಂದು ಕೇಳುವವರಿದ್ದಾರೆ. ಬಂದಿದೆ. ಸೆಮಗ್ಲುಟೈಡ್ ತೆಗೆದುಕೊಂಡವರು 68 ವಾರದಲ್ಲಿ ಸರಾಸರಿ ಶೇಕಡಾ 15ರಷ್ಟು ಇಳಿದರೆಂದು 2021ರಲ್ಲಿ ವರದಿಯಾಯಿತು. ನಿಲ್ಲಿಸಿದವರಿಗೆ ಒಂದೇ ವರ್ಷದಲ್ಲಿ ಇಳಿದುದರ ಮೂರನೆಯ ಎರಡು ಭಾಗ ವಾಪಸು ಬಂತು. ಅದರ ಖರ್ಚಿನ ವಿಷಯ ಇನ್ನೊಮ್ಮೆ ಬರೆಯುತ್ತೇನೆ.)

ಅಪಾಯದ ಲೆಕ್ಕ: 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 4,776 ಮಂದಿಯ ಪೈಕಿ ಮೂವತ್ತು ದಿನದೊಳಗೆ ತೀರಿಕೊಂಡವರು ಸಾವಿರಕ್ಕೆ ಮೂವರು. ರಕ್ತಸ್ರಾವ, ಹೊಲಿಗೆಯ ಬಳಿ ಸೋರುವಿಕೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಇವು ಆಗಬಹುದಾದ ತೊಂದರೆಗಳು. ಸ್ಲೀವ್ ಮಾಡಿಸಿದ ಕೆಲವರಿಗೆ ಎದೆಯುರಿ ಹೆಚ್ಚುತ್ತದೆ.

ಆದರೆ ನಮ್ಮಂಥವರು ಹೆಚ್ಚು ಯೋಚಿಸಬೇಕಾದದ್ದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನದು. ಬಿ12, ಕಬ್ಬಿಣ, ಸುಣ್ಣ, ಡಿ ಜೀವಸತ್ವಗಳನ್ನು ಆಯುಷ್ಯವಿಡೀ ನುಂಗಬೇಕು, ಕ್ರಮವಾಗಿ ರಕ್ತ ಪರೀಕ್ಷೆ ಮಾಡಿಸಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕು. ಅನ್ನ, ಅಕ್ಕಿರೊಟ್ಟಿ, ಕಡುಬಿನ ಮೇಲೆ ನಿಂತ ನಮ್ಮ ಅಡಿಗೆಮನೆಯಲ್ಲಿ ಅದು ಸುಲಭವಲ್ಲ. ಮೊದಲು ಬೇಳೆ, ಮೊಸರು, ಮೊಟ್ಟೆ ಉಣ್ಣುವವರಾದರೆ ಮೊಟ್ಟೆ. ಅನ್ನ ಆಮೇಲೆ, ಅದೂ ಎರಡು ತುತ್ತು. ಕಬ್ಬಿಣದ ಮಾತ್ರೆಯ ಜೊತೆಗೆ ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯಲು ನನಗೆ ಸಂಕೋಚವೇ. ಬೈಪಾಸ್ ಆದವರಿಗೆ ಮದ್ಯ ಬಹಳ ಬೇಗ ರಕ್ತಕ್ಕೆ ಏರುತ್ತದೆ. ಕ್ಲಬ್ಬಿನ ಗೆಳೆಯರು ಇದನ್ನು ಗಮನಿಸಬೇಕು. ಪಥ್ಯ ತಪ್ಪಿಸಿಕೊಳ್ಳಲೆಂದು ಶಸ್ತ್ರಚಿಕಿತ್ಸೆಗೆ ಹೋಗುವವರು ಜೀವಮಾನದ ಪಥ್ಯವನ್ನೇ ತಂದುಕೊಳ್ಳುತ್ತಾರೆ.

ಹಾಗಾದರೆ ಯಾರಿಗೆ ಯಾವುದು? ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿ (ಕಿಲೋ, ಮೀಟರಿನಲ್ಲಿ). ನಮ್ಮ ಸದಸ್ಯರ ಎತ್ತರ 1.70, ಅಂಕ 44. ನನ್ನದು 1.68, ಅಂಕ 31. ತಜ್ಞರ ಅಂತರರಾಷ್ಟ್ರೀಯ ಸಂಘಗಳು 2022ರಲ್ಲಿ ಏಷ್ಯದವರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದೆಂದಿವೆ. ಆದ್ದರಿಂದ ನಾನೂ ಅದಕ್ಕೆ ಹೊರಗಿನವನಲ್ಲ. ಆದರೂ ನನ್ನ ಕಾಯಿಲೆ ಹೊಸದು, ಇನ್ಸುಲಿನ್ ಇಲ್ಲ. ವೈದ್ಯರ ಕಣ್ಣಿನಡಿ, ಮಾತ್ರೆಗಳ ಪ್ರಮಾಣ ಅವರೇ ಸರಿಪಡಿಸುತ್ತ, ಬಿಗಿ ಪಥ್ಯವನ್ನು ಇನ್ನೊಂದು ಸಲ ನೋಡುತ್ತೇನೆ. ಅವರ ವಿಷಯ ಬೇರೆ. ಮೂರು ಸಲ ಬಾಯಿ ಕಟ್ಟಿ ಸೋತ, ನಿದ್ರೆಯಲ್ಲಿ ಉಸಿರು ನಿಲ್ಲುವ ಮನುಷ್ಯನಿಗೆ ‘ಇನ್ನೊಮ್ಮೆ ಬಾಯಿ ಕಟ್ಟು’ ಎನ್ನುವುದು ನನಗೆ ಸರಿ ಕಾಣಲಿಲ್ಲ. ಮಾಡಿಸಿಕೊಳ್ಳಿ ಎಂದೆ, ಹಿಂದೆಯೇ, ಮಾತ್ರೆ ಮತ್ತು ತಪಾಸಣೆ ಬಿಡುವವರಾದರೆ ಬೇಡ ಎಂದೂ ಹೇಳಿದೆ.

ಸಾಲದ ಅರ್ಜಿ ಬದಿಗಿಟ್ಟು ಮೊದಲು ಅವರ ಆರೋಗ್ಯವಿಮೆಯ ಪಾಲಿಸಿ ತರಿಸಿದೆ. ವಿಮಾ ಪ್ರಾಧಿಕಾರದ 2019ರ ನಿಯಮದಂತೆ ಅಂಕ 40 ದಾಟಿದವರಿಗೆ, ಅಥವಾ 35 ದಾಟಿ ಹತೋಟಿಗೆ ಬಾರದ ಮಧುಮೇಹ, ಹೃದ್ರೋಗ, ತೀವ್ರ ನಿದ್ರಾಶ್ವಾಸದ ತೊಂದರೆ ಇರುವವರಿಗೆ, ವೈದ್ಯರ ಸಲಹೆಯಿದ್ದರೆ, ‘ಬೊಜ್ಜಿನ ಚಿಕಿತ್ಸೆ’ ಎಂಬ ಕಾರಣಕ್ಕೇ ಹಣ ನಿರಾಕರಿಸುವಂತಿಲ್ಲ. ಪಾಲಿಸಿಯ ಕಾಯುವ ಅವಧಿಯನ್ನು ಮಾತ್ರ ನೋಡಿಕೊಳ್ಳಬೇಕು. ಅವರದು ಮುಗಿದಿತ್ತು. ಕೇಳಿದ ಸಾಲ ಕಾಲು ಭಾಗಕ್ಕೆ ಇಳಿಯಿತು.

ಕಾಫಿ ಕೊಯ್ಲು ಮುಗಿದ ಮೇಲೆ ಎಂದು ದಿನ ಗೊತ್ತುಮಾಡಿಕೊಂಡಿದ್ದಾರೆ. ಮೊನ್ನೆ ಅವರ ತಾಯಿ ಫೋನು ಮಾಡಿದ್ದರು. ಬೈಯುತ್ತಾರೇನೋ ಎಂದು ಹೆದರಿದ್ದೆ. ಹೆಸರುಬೇಳೆಯ ಕಟ್ಟು ಎಷ್ಟನೆಯ ದಿನದಿಂದ ಕೊಡಬಹುದು ಎಂದಷ್ಟೇ ಕೇಳಿದರು. ಆಸ್ಪತ್ರೆಯ ಪಥ್ಯದವರನ್ನೇ ಕೇಳಿ ಬರೆಸಿಕೊಳ್ಳಿ ಎಂದೆ.