ಮುಪ್ಪಿನ ಬಳಲಿಕೆಯೂ ಥೈರಾಯ್ಡ್ ಗ್ರಂಥಿಯೂ

ಮನೆಯ ಹಿರಿಯರು ದಿನೇ ದಿನೇ ಮಂಕಾಗುತ್ತಿದ್ದರೆ "ವಯಸ್ಸಾಯಿತು, ಇನ್ನೇನು" ಎಂದು ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಬೇಸಿಗೆಯಲ್ಲಿಯೂ ಕಂಬಳಿ ಹೊದ್ದು ಕೂರುವ ಅತ್ತೆ, ಕರೆದರೆ ತಡವಾಗಿ ಓಗೊಡುವ ತಂದೆ, ಇವರ ಸ್ಥಿತಿಗೆ ಮುಪ್ಪೊಂದೇ ಕಾರಣವಾಗಿರಬೇಕಾಗಿಲ್ಲ. ಕತ್ತಿನಲ್ಲಿರುವ ಒಂದು ಪುಟ್ಟ ಗ್ರಂಥಿಯ ದೋಷವೂ ಕಾರಣವಾಗಿರಬಹುದು. ಹಿರಿಯರ ಆರೈಕೆಯ ಹೊಣೆ ಹೊತ್ತಿರುವ ದಂಪತಿಗಳಾದ ನೀವು ಈ ವಿಷಯವನ್ನು ಅರಿತಿರುವುದು ಅಗತ್ಯ.

ಗ್ರಂಥಿಯ ಕೆಲಸ

ಥೈರಾಯ್ಡ್ ಗ್ರಂಥಿಯು ಕತ್ತಿನ ಮುಂಭಾಗದಲ್ಲಿ, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿ ಇರುತ್ತದೆ. ಆಹಾರದಿಂದ ದೊರೆಯುವ ಅಯೋಡಿನ್ನನ್ನು ಬಳಸಿಕೊಂಡು ಇದು ಟಿ-೪ ಮತ್ತು ಟಿ-೩ ಎಂಬ ಎರಡು ಹಾರ್ಮೋನುಗಳನ್ನು ತಯಾರಿಸುತ್ತದೆ. ಟಿ-೪ಕ್ಕೆ ಥೈರಾಕ್ಸಿನ್ ಎಂದೂ ಹೆಸರು. ದೇಹವು ಇದನ್ನು ಹೆಚ್ಚು ಶಕ್ತಿಯುತವಾದ ಟಿ-೩ ಆಗಿ ಮಾರ್ಪಡಿಸಿಕೊಳ್ಳುತ್ತದೆ. ದೇಹದ ಕಾವು, ಹೃದಯದ ಬಡಿತ, ಜೀರ್ಣಕ್ರಿಯೆ, ಮನಸ್ಸಿನ ಚುರುಕು ಇವೆಲ್ಲವೂ ಈ ಹಾರ್ಮೋನುಗಳನ್ನು ಅವಲಂಬಿಸಿವೆ. ಇವು ಕಡಮೆಯಾದಾಗ, ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಹಾರ್ಮೋನನ್ನು ಹೆಚ್ಚಾಗಿ ಕಳುಹಿಸಿ ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುತ್ತದೆ.

ಗಮನಿಸಬೇಕಾದ ಚಿಹ್ನೆಗಳು

ಗ್ರಂಥಿಯ ಕೆಲಸ ಕುಂದಿದಾಗ ಚಳಿ ತಾಳಲಾಗದಿರುವುದು, ಮಲಬದ್ಧತೆ, ಒಣ ಚರ್ಮ, ಮುಖ ಊದುವುದು, ಧ್ವನಿ ಗಡುಸಾಗುವುದು, ಮರೆವು ಮತ್ತು ನಿಧಾನಗತಿ ಕಾಣಿಸಿಕೊಳ್ಳುತ್ತವೆ. ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಗ್ರಂಥಿಯು ಅತಿಯಾಗಿ ಕೆಲಸ ಮಾಡಿದಾಗ ಎಳೆಯರಲ್ಲಿ ಕೈನಡುಕ, ಚಡಪಡಿಕೆ ಎದ್ದು ಕಾಣುತ್ತವೆ. ವೃದ್ಧರಲ್ಲಿಯಾದರೋ ತೂಕ ಇಳಿಯುವುದು, ನಿರುತ್ಸಾಹ, ನಾಡಿಯ ಬಡಿತ ತಾಳ ತಪ್ಪುವುದು ಇಷ್ಟೇ ಕಾಣಿಸಬಹುದು. ಇಂತಹ ಚಿಹ್ನೆಗಳಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ರಕ್ತಪರೀಕ್ಷೆಯ ಅಗತ್ಯವಿದೆಯೇ ಎಂದು ಕೇಳಿರಿ.

ಆಸ್ಪತ್ರೆಗೆ ಸೇರಿದಾಗ

ನ್ಯುಮೋನಿಯ, ಸೊಂಟದ ಮೂಳೆ ಮುರಿತ ಮೊದಲಾದ ಕಾರಣಗಳಿಂದ ಕೃಶರಾದ ಹಿರಿಯರು ಆಸ್ಪತ್ರೆಗೆ ಸೇರಿದಾಗ ರಕ್ತಪರೀಕ್ಷೆಯ ಅಂಕಿಗಳು ಏರುಪೇರಾಗುವುದುಂಟು. ತೀವ್ರ ಕಾಯಿಲೆಯಲ್ಲಿ ದೇಹವು ಟಿ-೪ ಅನ್ನು ಟಿ-೩ ಆಗಿ ಮಾರ್ಪಡಿಸುವುದನ್ನು ತಗ್ಗಿಸುತ್ತದೆ. ಮೊದಲು ಟಿ-೩ ಇಳಿಯುತ್ತದೆ. ಕಾಯಿಲೆ ಉಲ್ಬಣಿಸಿದರೆ ಟಿ-೪ ಸಹ ಇಳಿಯಬಹುದು. ಚೇತರಿಕೆಯ ಕಾಲದಲ್ಲಿ ಟಿ.ಎಸ್.ಎಚ್. ಕೆಲವು ದಿನ ಏರಬಹುದು. ಗ್ರಂಥಿಯು ಆರೋಗ್ಯವಾಗಿದ್ದರೂ ಹೀಗಾಗುತ್ತದೆ. ಟಿ-೩ ಬಹಳ ಕಡಮೆಯಾಗಿರುವುದು ಕಾಯಿಲೆಯು ತೀವ್ರವಾಗಿದೆ ಎಂಬುದರ ಸೂಚನೆ. ಆದರೆ ಆ ಅಂಕಿಯನ್ನು ಸರಿಪಡಿಸಲೆಂದು ಥೈರಾಯ್ಡ್ ಮಾತ್ರೆ ಕೊಡುವುದರಿಂದ ಪ್ರಯೋಜನವಾಗುತ್ತದೆಂದು ಸಿದ್ಧವಾಗಿಲ್ಲ. ಆದುದರಿಂದಲೇ ವೈದ್ಯರು ಮೂಲ ಕಾಯಿಲೆಗೆ ಚಿಕಿತ್ಸೆ ನೀಡಿ, ಗುಣವಾದ ಸುಮಾರು ಆರು ವಾರಗಳ ನಂತರ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಲು ಹೇಳುತ್ತಾರೆ. ಮನೆಗೆ ಮರಳಿದೆವೆಂದು ಇದನ್ನು ಮರೆಯಬೇಡಿರಿ.

ಟಿ.ಎಸ್.ಎಚ್. ಅಲ್ಪ ಸ್ವಲ್ಪ ಏರಿದ್ದು, ಟಿ-೪ ಸರಿಯಾಗಿರುವ ವೃದ್ಧರಿಗೆ ಮಾತ್ರೆ ಅನೇಕ ವೇಳೆ ಬೇಕಾಗುವುದಿಲ್ಲ. ಯುರೋಪಿನಲ್ಲಿ ೬೫ ವರ್ಷ ಮತ್ತು ಮೇಲ್ಪಟ್ಟ ಇಂತಹ ೭೩೭ ಜನರನ್ನು ಪರಿಶೀಲಿಸಿದ ಅಧ್ಯಯನವೊಂದು ೨೦೧೭ರಲ್ಲಿ ಪ್ರಕಟವಾಯಿತು. ನಿಜವಾದ ಮಾತ್ರೆ ಪಡೆದವರ ಬಳಲಿಕೆಯೂ, ಔಷಧವಿಲ್ಲದ ಹುಸಿಮಾತ್ರೆ ಪಡೆದವರ ಬಳಲಿಕೆಯೂ ಒಂದೇ ಬಗೆಯಾಗಿತ್ತು. ಮಾತ್ರೆ ಅತಿಯಾದರೆ ಹೃದಯದ ಬಡಿತ ಏರುಪೇರಾಗಿ, ಮೂಳೆಗಳು ಸವೆಯುವ ಅಪಾಯವೂ ಉಂಟು.

ಮೊದಲೇ ಮಾತ್ರೆ ಸೇವಿಸುತ್ತಿದ್ದರೆ

ಗ್ರಂಥಿಯ ಕೊರತೆಗಾಗಿ ವೈದ್ಯರ ಸಲಹೆಯಂತೆ ಮಾತ್ರೆ ಸೇವಿಸುತ್ತಿರುವವರ ವಿಷಯವೇ ಬೇರೆ. ಅವರು ತಾವಾಗಿಯೇ ಮಾತ್ರೆಯನ್ನು ನಿಲ್ಲಿಸಲೇಬಾರದು. ಆಸ್ಪತ್ರೆಗೆ ಹೊರಡುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಹಳೆಯ ಚೀಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿರಿ. ಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ಕೊಟ್ಟು, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿಯನ್ನಾಗಲಿ ತಿಂಡಿಯನ್ನಾಗಲಿ ಕೊಡಬೇಡಿರಿ. ಕಬ್ಬಿಣಾಂಶದ ಅಥವಾ ಸುಣ್ಣದ ಅಂಶದ ಮಾತ್ರೆಗಳಿದ್ದರೆ ನಾಲ್ಕು ಗಂಟೆಗಳ ಅಂತರವಿರಲಿ.

ತಡಮಾಡಬಾರದ ಸಂದರ್ಭ

ಗ್ರಂಥಿಯ ಕೊರತೆಗೆ ಬಹುಕಾಲ ಚಿಕಿತ್ಸೆ ದೊರೆಯದ ವೃದ್ಧರಿಗೆ ಚಳಿ, ಸೋಂಕು ಅಥವಾ ನಿದ್ರೆಯ ಮಾತ್ರೆಗಳಿಂದ ಪ್ರಾಣಾಪಾಯ ಒದಗಬಹುದು. ಮೈ ತಣ್ಣಗಾಗಿ, ಉಸಿರಾಟ ನಿಧಾನವಾಗಿ, ಎಬ್ಬಿಸಿದರೂ ಏಳದಂತಹ ಮಂಪರು ಕವಿದರೆ ಬೆಂಕಿ ಕಾಯಿಸುತ್ತ, ಕಷಾಯ ಕುಡಿಸುತ್ತ ಕಾಲ ಕಳೆಯಬೇಡಿರಿ. ಕಂಬಳಿ ಹೊದಿಸಿ, ಆ ಕ್ಷಣವೇ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಿರಿ.

ಹಿರಿಯರು ತಮ್ಮ ಸಂಕಟವನ್ನು ತಾವಾಗಿ ಹೇಳಿಕೊಳ್ಳುವುದು ವಿರಳ. ಕಳೆದ ವರ್ಷ ಸಂತೆಗೆ ನಡೆದು ಹೋಗುತ್ತಿದ್ದವರು ಈ ವರ್ಷ ಹಿತ್ತಲಿಗೂ ಹೋಗಲಾರದಾಗಿದ್ದರೆ, ಪತಿಪತ್ನಿಯರಿಬ್ಬರೂ ಕುಳಿತು ಆ ಬದಲಾವಣೆ ಯಾವಾಗ ಆರಂಭವಾಯಿತೆಂದು ನೆನಪು ಮಾಡಿಕೊಳ್ಳಿರಿ. ವೈದ್ಯರ ಮುಂದೆ ಅದನ್ನು ವಿವರವಾಗಿ ತಿಳಿಸಿರಿ. ಮುಪ್ಪಿಗೆ ಮದ್ದಿಲ್ಲ, ಆದರೆ ಮುಪ್ಪಿನ ಮರೆಯಲ್ಲಿ ಅಡಗಿರುವ ಈ ಕಾಯಿಲೆಗೆ ಮದ್ದುಂಟು.