ತ್ರಿಪ್ಲಿಕೇನಿನ ಮನೆಯೂ ಮರಣಶಾಸನವೂ

ತ್ರಿಪ್ಲಿಕೇನಿನ ಪಾರ್ಥಸಾರಥಿ ದೇವಾಲಯದ ಸುತ್ತಿನ ಬೀದಿಗಳಲ್ಲಿ ಕನ್ನಡ ಮಾತು ಕಿವಿಗೆ ಬೀಳುವುದು ಹೊಸತೇನೂ ಅಲ್ಲ. ಬಳ್ಳಾರಿಯು 1953ರಲ್ಲಿಯೂ ದಕ್ಷಿಣ ಕನ್ನಡವು 1956ರಲ್ಲಿಯೂ ಮೈಸೂರು ರಾಜ್ಯಕ್ಕೆ ಸೇರುವವರೆಗೆ ನಮ್ಮವರಿಗೆ ಮದರಾಸೇ ರಾಜಧಾನಿಯಾಗಿತ್ತು. ಓದಿಗೆಂದು, ಕಚೇರಿಯ ಕೆಲಸಕ್ಕೆಂದು, ಹೋಟೆಲ್ ವ್ಯಾಪಾರಕ್ಕೆಂದು ಬಂದವರು ಇಲ್ಲಿಯೇ ನೆಲೆನಿಂತರು. ಬಾಡಿಗೆಯ ಮನೆ ಸ್ವಂತದ್ದಾಯಿತು. ಊರಿನ ಗದ್ದೆಯನ್ನೂ ಬಿಡಲಿಲ್ಲ. ಮಕ್ಕಳು ಬೆಂಗಳೂರಿಗೆ, ಕೆಲವರು ಕಡಲಾಚೆಗೆ ಹೋದರು. ಹೀಗೆ ಒಂದೇ ಸಂಸಾರದ ಆಸ್ತಿ ಎರಡು ರಾಜ್ಯಗಳಲ್ಲಿಯೂ ಅದರ ವಾರಸುದಾರರು ಮೂರು ದೇಶಗಳಲ್ಲಿಯೂ ಇರುವುದು ನಮ್ಮಲ್ಲಿ ಸಾಮಾನ್ಯವಾಗಿದೆ.

ಇಂತಹ ಮನೆಯ ಯಜಮಾನರು ತೀರಿಕೊಂಡರೆ ಆ ಮನೆ ಯಾರದು? ಈ ಪ್ರಶ್ನೆಯನ್ನು ಕೇಳುವುದೇ ಅಪಶಕುನವೆಂದು ನಮ್ಮ ಹಿರಿಯರು ಅನೇಕರು ಭಾವಿಸುತ್ತಾರೆ. ಮಗಳ ಮದುವೆಗೆ ಹತ್ತು ವರ್ಷ ಮೊದಲೇ ಬಂಗಾರ ಕೂಡಿಸುವ ನಾವು ಮರಣಶಾಸನದ ಮಾತು ಬಂದರೆ ಮಾತ್ರ ‘ಅದಕ್ಕೇನು ಅವಸರ’ ಎನ್ನುತ್ತೇವೆ. ಈ ಸಂಚಿಕೆಯಲ್ಲಿ ಆ ವಿಷಯವನ್ನೇ ವಾಚಕರ ಮುಂದಿಡಬೇಕೆಂದು ನಾವು ನಿಶ್ಚಯಿಸಿದೆವು.

ಒಂದು ಮನೆಯ ಲೆಕ್ಕವನ್ನು ಊಹಿಸಿಕೊಳ್ಳೋಣ. ಒಬ್ಬ ಗೃಹಸ್ಥರು ಸ್ವಂತ ಸಂಪಾದನೆಯಿಂದ ತ್ರಿಪ್ಲಿಕೇನಿನಲ್ಲಿ ಮನೆ ಕೊಂಡಿದ್ದಾರೆ. ಹೆಂಡತಿ ಇದ್ದಾರೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಊರಿನಲ್ಲಿ ವಯಸ್ಸಾದ ತಾಯಿ. ಅವರು ಮರಣಶಾಸನ ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಆ ಮನೆ ಐದು ಸಮಭಾಗವಾಗುತ್ತದೆ. ನಲವತ್ತು ವರ್ಷ ಆ ಮನೆಯಲ್ಲಿ ದೀಪ ಹಚ್ಚಿದ ಹೆಂಡತಿಗೆ ಬರುವುದು ಐದರಲ್ಲಿ ಒಂದು ಭಾಗ ಮಾತ್ರ. ಮಾರಬೇಕೆಂದರೆ ಐವರ ರುಜುವೂ ಬೇಕು. ಅಷ್ಟರಲ್ಲಿ ಆ ತಾಯಿಯೂ ಮರಣಶಾಸನವಿಲ್ಲದೆ ತೀರಿಕೊಂಡರೆ ಅವರ ಪಾಲು ಅವರ ಎಲ್ಲ ಮಕ್ಕಳಿಗೂ ಹಂಚಿಹೋಗುತ್ತದೆ. ಆಗ ಆ ವಿಧವೆಯು ತನ್ನ ಮನೆಗಾಗಿ ಮೈದುನರ, ನಾದಿನಿಯರ ರುಜುವಿಗೂ ಕಾಯಬೇಕಾಗುತ್ತದೆ. ಇವರಲ್ಲಿ ಯಾರೂ ಕೆಟ್ಟವರಾಗಿರಬೇಕಾಗಿಲ್ಲ. ಒಬ್ಬರು ದೂರದಲ್ಲಿದ್ದಾರೆ, ಒಬ್ಬರಿಗೆ ಕಾಯಿಲೆ, ಇನ್ನೊಬ್ಬರಿಗೆ ಹಳೆಯ ಮುನಿಸು. ಮನೆ ನಿಂತಲ್ಲೇ ನಿಲ್ಲುತ್ತದೆ.

ಹೆಂಗಸರ ಆಸ್ತಿಯ ವಿಷಯ ಇನ್ನೂ ಸೂಕ್ಷ್ಮ. ಗಂಡ ಗತಿಸಿದ, ಮಕ್ಕಳಿಲ್ಲದ ಹಿಂದೂ ಸ್ತ್ರೀಯು ಮರಣಶಾಸನ ಬರೆಯದೆ ಹೋದರೆ, ಆಕೆ ತನ್ನ ದುಡಿಮೆಯಿಂದ ಗಳಿಸಿದ್ದೂ ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಮುಪ್ಪಿನಲ್ಲಿ ಆಕೆಯನ್ನು ಸಾಕಿದವರು ತಂಗಿಯೋ ಅಣ್ಣನ ಮಗಳೋ ಆಗಿದ್ದರೂ ಕಾನೂನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉದ್ಯೋಗದಲ್ಲಿರುವ ನಮ್ಮ ಸೋದರಿಯರು ಇದನ್ನು ಗಮನಿಸಬೇಕು.

ಮರಣಶಾಸನ ಬರೆಯುವುದು ಕಷ್ಟದ ಕೆಲಸವಲ್ಲ. ಮುದ್ರಾಕಾಗದ ಬೇಡ, ಬಿಳಿಯ ಹಾಳೆ ಸಾಕು. ಕನ್ನಡದಲ್ಲಿಯೇ ಬರೆಯಬಹುದು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಕೇಳುವುದು ಇಷ್ಟೆ: ಬರೆದವರ ರುಜು ಇರಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅವರು ರುಜು ಮಾಡಿದ್ದನ್ನು ಕಂಡು, ಇಲ್ಲವೆ ಆ ರುಜು ತಮ್ಮದೆಂದು ಅವರು ಹೇಳಿದ್ದನ್ನು ಕೇಳಿ, ಅವರ ಎದುರಿನಲ್ಲಿ ತಾವೂ ರುಜು ಹಾಕಬೇಕು. ರಿಜಿಸ್ಟ್ರಿ ಮಾಡಿಸುವುದು ಐಚ್ಛಿಕ. ಮಾಡಿಸಿದರೆ ಕಾಗದ ಕಳೆದುಹೋಗುವ ಭಯವಿಲ್ಲ. ಆಸ್ತಿ ಪಡೆಯುವವರೇ ಸಾಕ್ಷಿ ಹಾಕುವುದು ಬೇಡ, ಅದು ಸಂಶಯಕ್ಕೆ ದಾರಿ. ನಿಮಗಿಂತ ಕಿರಿಯರಾದ, ಚೆನ್ನೈಯಲ್ಲಿಯೇ ನೆಲೆಸಿರುವ ಇಬ್ಬರನ್ನು ಸಾಕ್ಷಿಗಳಾಗಿ ಮಾಡಿಕೊಳ್ಳಿ. ಏಕೆಂದರೆ ಮುಂದೆ ಕೋರ್ಟಿನಲ್ಲಿ ಮರಣಶಾಸನವನ್ನು ರುಜುವಾತುಪಡಿಸುವಾಗ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ.

ಇಷ್ಟು ಸುಲಭವಾದರೆ ವಕೀಲರೇಕೆ ಎಂದು ಕೇಳಬಹುದು. ಇದಕ್ಕೆ ಉತ್ತರವಾಗಿ ನಮ್ಮ ಮೈಸೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ವ್ಯಾಜ್ಯವನ್ನು ಹೇಳಬಹುದು. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಇವರ ನಡುವಿನ ಆ ಮೊಕದ್ದಮೆಯ ತೀರ್ಪು ಬಂದದ್ದು 1958ರ ನವೆಂಬರಿನಲ್ಲಿ. ವೃದ್ಧೆಯೊಬ್ಬರು 1945ರಲ್ಲಿ ಬರೆಸಿದ ಮರಣಶಾಸನ ಅದು. ಅದನ್ನು ಸಿದ್ಧಪಡಿಸುವುದರಲ್ಲಿ ಮುಂದಾಗಿ ನಿಂತವರ ಮಕ್ಕಳಿಗೇ ಅದರಿಂದ ದೊಡ್ಡ ಲಾಭ ದೊರೆಯುವಂತಿತ್ತು. ಮರಣಶಾಸನವನ್ನು ಹಾಜರುಪಡಿಸಿದವರೇ ಅದರ ಸುತ್ತಲಿನ ಸಂಶಯಗಳನ್ನು ನಿವಾರಿಸಬೇಕು ಎಂದು ನ್ಯಾಯಮೂರ್ತಿ ಗಜೇಂದ್ರಗಡ್ಕರರು ಬರೆದರು. ಆ ಶಾಸನವನ್ನು ಕೋರ್ಟು ಒಪ್ಪಲಿಲ್ಲ. ಇಂದಿಗೂ ದೇಶದ ಕೋರ್ಟುಗಳಲ್ಲಿ ಮರಣಶಾಸನದ ಚರ್ಚೆ ಬಂದಾಗ ಈ ತೀರ್ಪನ್ನು ಎತ್ತಿ ಹೇಳುತ್ತಾರೆ. ರುಜು ಇದ್ದರೆ ಸಾಲದು, ಬರೆದವರು ಸ್ವಬುದ್ಧಿಯಿಂದ, ತಿಳಿದು, ಯಾರ ಒತ್ತಾಯವೂ ಇಲ್ಲದೆ ಬರೆದರೆಂಬುದು ಕಾಣಬೇಕು ಎಂಬುದೇ ಅದರ ಪಾಠ.

ಅನುಭವಿಯಾದ ವಕೀಲರು ಈ ಕಾರಣದಿಂದಲೇ ಮಕ್ಕಳನ್ನು ಹೊರಗೆ ಕೂರಿಸಿ, ಹಿರಿಯರೊಡನೆ ಒಂಟಿಯಾಗಿ ಮಾತನಾಡುತ್ತಾರೆ. ವೈದ್ಯರ ಪ್ರಮಾಣಪತ್ರವನ್ನು ಕೇಳುತ್ತಾರೆ. ಒಬ್ಬ ಮಗನಿಗೆ ಕಡಮೆ ಕೊಟ್ಟಿದ್ದರೆ ಅದಕ್ಕೆ ಕಾರಣವನ್ನು ಎರಡು ಸಾಲಿನಲ್ಲಿ ಬರೆಯಿಸುತ್ತಾರೆ. ‘ಹೆಂಡತಿ ಬದುಕಿರುವವರೆಗೆ ಅನುಭವಿಸಲಿ, ಆಮೇಲೆ ಮಕ್ಕಳಿಗೆ’ ಎಂದು ನಾವು ಸಲೀಸಾಗಿ ಹೇಳುವ ಮಾತಿನಲ್ಲಿಯೂ ತೊಡಕುಂಟು. 1956ರ ಕಾಯಿದೆಯ 14ನೆಯ ಕಲಮಿನ ಪ್ರಕಾರ ಹೆಂಡತಿಗೆ ಬಂದದ್ದು ಜೀವಿತಾವಧಿಯ ಹಕ್ಕೋ ಪೂರ್ಣ ಹಕ್ಕೋ ಎಂಬ ವಾದಗಳು ಸುಪ್ರೀಂ ಕೋರ್ಟಿನವರೆಗೂ ಹೋಗಿವೆ. ಊರಿನ ಪಿತ್ರಾರ್ಜಿತ ಜಮೀನಿನ ಸಂಗತಿಯೂ ಹಾಗೆಯೇ. ಅದರಲ್ಲಿ ನಮ್ಮ ಪಾಲನ್ನು ಮಾತ್ರ ನಾವು ಮರಣಶಾಸನದಿಂದ ಕೊಡಬಹುದು. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಪಾಲುದಾರರು. ತಂದೆ ಆ ದಿನ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ‘ಮಗಳಿಗೆ ಮದುವೆಯಲ್ಲಿಯೇ ಕೊಟ್ಟಾಯಿತು’ ಎಂಬ ಹಳೆಯ ಲೆಕ್ಕ ಈಗ ನಡೆಯದು. ಮುಸ್ಲಿಂ ಬಂಧುಗಳಿಗೆ ಈ ವಿಷಯದಲ್ಲಿ ಅವರದೇ ಬೇರೆ ನಿಯಮಗಳುಂಟು. ಅದನ್ನು ಬಲ್ಲ ವಕೀಲರನ್ನೇ ಅವರು ಕಾಣಬೇಕು.

ಈಗ ಪ್ರೊಬೇಟಿನ ಮಾತು. ಮರಣಶಾಸನವನ್ನು ಕೋರ್ಟು ಪರೀಕ್ಷಿಸಿ, ಅದು ನಿಜವಾದದ್ದೆಂದು ಮೊಹರು ಹಾಕಿ ಕೊಡುವ ಪತ್ರವೇ ಪ್ರೊಬೇಟ್. ಈ ವಿಷಯದಲ್ಲಿ ಚೆನ್ನೈಗೂ ಕರ್ನಾಟಕಕ್ಕೂ ಬಹುಕಾಲ ಭೇದವಿತ್ತು. ಉತ್ತರಾಧಿಕಾರ ಕಾಯಿದೆಯ 57 ಮತ್ತು 213ನೆಯ ಕಲಮುಗಳ ಪ್ರಕಾರ ಮದರಾಸು, ಮುಂಬಯಿ, ಕಲ್ಕತ್ತೆ ಹೈಕೋರ್ಟುಗಳ ಮೂಲ ಅಧಿಕಾರದ ಎಲ್ಲೆಯೊಳಗೆ ಹಿಂದೂಗಳು ಬರೆದ ಮರಣಶಾಸನಕ್ಕೂ, ಬೇರೆಲ್ಲಿಯೋ ಬರೆದಿದ್ದರೂ ಆ ಎಲ್ಲೆಯೊಳಗಿನ ಮನೆಗೆ ಸಂಬಂಧಿಸಿದ್ದಕ್ಕೂ ಪ್ರೊಬೇಟ್ ಇಲ್ಲದೆ ಕೋರ್ಟಿನಲ್ಲಿ ಹಕ್ಕು ಸ್ಥಾಪಿಸುವಂತಿರಲಿಲ್ಲ. ಮೈಸೂರಿನಲ್ಲಿ ಕುಳಿತು ಮೈಸೂರಿನ ಮನೆಗೆ ಬರೆದರೆ ಪ್ರೊಬೇಟ್ ಕಡ್ಡಾಯವಲ್ಲ. ಅದೇ ಕಾಗದದಲ್ಲಿ ತ್ರಿಪ್ಲಿಕೇನಿನ ಮನೆ ಸೇರಿದರೆ ಅದಕ್ಕೆ ಕಡ್ಡಾಯ. ಊರಿನಲ್ಲಿ ಖಾತೆ ಬದಲಾಯಿಸಿಕೊಂಡು ನಿಶ್ಚಿಂತರಾಗಿದ್ದ ಕುಟುಂಬಗಳು ಇಲ್ಲಿನ ಮನೆಯನ್ನು ಮಾರಹೊರಟಾಗ ಮುಗ್ಗರಿಸುತ್ತಿದ್ದುದು ಇಲ್ಲಿಯೇ.

2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ರದ್ದತಿ ಮತ್ತು ತಿದ್ದುಪಡಿ ಕಾಯಿದೆಯು ಈ 213ನೆಯ ಕಲಮನ್ನು ತೆಗೆದುಹಾಕಿತು. ಕಡ್ಡಾಯ ಹೋಯಿತು, ಆದರೆ ಪ್ರೊಬೇಟೇ ಹೋಯಿತೆಂದು ತಿಳಿಯಕೂಡದು. ಬೇಕಾದವರು ಈಗಲೂ ಅರ್ಜಿ ಹಾಕಿ ಪಡೆಯಬಹುದು. ಮರಣಶಾಸನದ ಬಗ್ಗೆ ತಕರಾರಿನ ಸೂಚನೆ ಇದ್ದರೆ, ಹಿಂದಿನ ಕಾಲದ ಮರಣದಿಂದ ಹಕ್ಕು ಬಂದಿದ್ದರೆ, ಇಲ್ಲವೆ ಕೊಳ್ಳುವವರು ಸಂಶಯಪಡುವಂತಿದ್ದರೆ ಪ್ರೊಬೇಟಿನ ಬಲವೇ ಬೇರೆ. ಹೈಕೋರ್ಟು ಕೊಟ್ಟ ಪ್ರೊಬೇಟು, ಬೇರೆ ರೀತಿ ಹೇಳದಿದ್ದರೆ, ಇತರ ರಾಜ್ಯಗಳಲ್ಲಿಯೂ ನಡೆಯುತ್ತದೆ. ಆದ್ದರಿಂದ ಊರಿನ ಜಮೀನಿಗೂ ಅದೇ ಸಾಕು. ನಿಮ್ಮ ಮನೆಗೆ ಅದು ಬೇಕೇ ಬೇಡವೇ ಎಂಬುದನ್ನು ಪತ್ರಗಳನ್ನು ನೋಡಿ ಹೇಳಬಲ್ಲವರು ಸ್ಥಳೀಯ ವಕೀಲರು. ಪಕ್ಕದ ಮನೆಯವರ ಅನುಭವ ನಿಮಗೆ ಅನ್ವಯಿಸದಿರಬಹುದು.

ಪ್ರೊಬೇಟನ್ನು ಕೇಳತಕ್ಕವರು ಮರಣಶಾಸನದಲ್ಲಿ ನೇಮಿಸಿದ ಎಕ್ಸಿಕ್ಯೂಟರು, ಎಂದರೆ ಕಾರ್ಯನಿರ್ವಾಹಕರು. ಅವರನ್ನು ನೇಮಿಸದೆ ಬಿಟ್ಟಿದ್ದರೆ ಬೇರೆ ವಿಧದ ಆಡಳಿತ ಪತ್ರಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಮೂಲ ಮರಣಶಾಸನ, ಮರಣ ಪ್ರಮಾಣಪತ್ರ, ವಾರಸುದಾರರ ಪ್ರಮಾಣಪತ್ರ, ಸಾಕ್ಷಿಯ ಅಫಿಡವಿಟ್, ಆಸ್ತಿಯ ಪಟ್ಟಿ ಇವೆಲ್ಲ ಬೇಕು. ಕನ್ನಡದ ಮರಣಶಾಸನವಾದರೆ ಇಂಗ್ಲಿಷ್ ಭಾಷಾಂತರವನ್ನೂ ಕೊಡಬೇಕು. ಉಳಿದ ವಾರಸುದಾರರು ಒಪ್ಪಿಗೆ ಬರೆದುಕೊಟ್ಟರೆ ಕೆಲಸ ಸುಗಮ. ಯಾರಾದರೂ ಕೇವಿಯಟ್ ಹಾಕಿ ಎದುರಿಸಿದರೆ ಅರ್ಜಿಯು ದಾವೆಯಾಗಿ ಬದಲಾಗಿ ವರ್ಷಗಟ್ಟಲೆ ನಡೆಯುತ್ತದೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆ ಹುಟ್ಟಿದ್ದು ಇಂತಹ ದಾವೆಗಳಿಂದಲೇ ಇರಬೇಕು.

ಇನ್ನು ವಕೀಲರನ್ನು ಆರಿಸುವ ಬಗೆ. ಬಾರ್ ಕೌನ್ಸಿಲಿನ ನಿಯಮದಂತೆ ವಕೀಲರು ಜಾಹೀರಾತು ಕೊಡಕೂಡದು. ಆದುದರಿಂದ ಕೇಳಿಯೇ ತಿಳಿಯಬೇಕು. ಕ್ರಿಮಿನಲ್ ಕೇಸಿನಲ್ಲಿ ಹೆಸರಾದವರು, ಮೋಟಾರು ಅಪಘಾತದ ಪರಿಹಾರ ಕೊಡಿಸಿದವರು ಒಳ್ಳೆಯ ವಕೀಲರೇ ಇರಬಹುದು. ಈ ಕೆಲಸಕ್ಕೆ ಹೈಕೋರ್ಟಿನ ಒರಿಜಿನಲ್ ಸೈಡಿನಲ್ಲಿ ಮರಣಶಾಸನದ ಅರ್ಜಿಗಳನ್ನು ನಡೆಸಿ ಪಳಗಿದವರು ಬೇಕು. ತ್ರಿಪ್ಲಿಕೇನಿನಿಂದ ಕಡಲದಂಡೆಯ ರಸ್ತೆ ಹಿಡಿದು ಹೋದರೆ ಹೈಕೋರ್ಟು ದೂರವೇನೂ ಅಲ್ಲ; ಬಾರ್ ಕೌನ್ಸಿಲಿನ ಕಚೇರಿಯೂ ಆ ಆವರಣದಲ್ಲಿಯೇ ಇದೆ. ವಕೀಲರ ಹೆಸರು ನೋಂದಣಿಯಾಗಿದೆಯೇ ಎಂದು ವಿಚಾರಿಸಲು ಸಂಕೋಚ ಬೇಡ.

ಮೊದಲ ಭೇಟಿಯಲ್ಲಿ ಕೇಳತಕ್ಕ ಮಾತುಗಳು ಇವು. ‘ಸ್ವಾಮಿ, ಇಂತಹ ಅರ್ಜಿಗಳನ್ನು ತಾವು ಎಷ್ಟು ನಡೆಸಿದ್ದೀರಿ? ತಕರಾರು ಬಂದದ್ದು ಎಷ್ಟು? ನಮ್ಮ ಕೆಲಸವನ್ನು ತಾವೇ ನೋಡುವಿರೋ, ಕಿರಿಯರಿಗೆ ಒಪ್ಪಿಸುವಿರೋ? ಫೀಜು ಎಷ್ಟು, ಕೋರ್ಟಿನ ಖರ್ಚು ಎಷ್ಟು, ಪ್ರಕಟಣೆಯ ಖರ್ಚು ಎಷ್ಟು?’ ಇದನ್ನು ಕಾಗದದ ಮೇಲೆ ಬರೆದುಕೊಡುವಂತೆ ಕೇಳಿರಿ. ಗೆದ್ದ ಆಸ್ತಿಯಲ್ಲಿ ಇಷ್ಟು ಪಾಲು ಎಂದು ಫೀಜು ಗೊತ್ತುಮಾಡುವುದನ್ನು ಬಾರ್ ಕೌನ್ಸಿಲಿನ ನಿಯಮ ನಿಷೇಧಿಸಿದೆ. ಹಾಗೆ ಕೇಳಿದವರ ಮೆಟ್ಟಲನ್ನು ಇಳಿದು ಬನ್ನಿರಿ. ಮೂಲ ಪತ್ರಗಳನ್ನು ಕೊಡುವಾಗ ರಸೀದಿ ಪಡೆಯಿರಿ. ಮಗನ ವ್ಯವಹಾರಗಳನ್ನು ನೋಡುವ ವಕೀಲರಿಂದ ತಂದೆಯ ಮರಣಶಾಸನ ಬರೆಸಬೇಡಿ. ಮೇಲೆ ಹೇಳಿದ ಮೈಸೂರಿನ ತೀರ್ಪನ್ನು ನೆನೆಯಿರಿ. ವಕೀಲರಿಗೆ ಕನ್ನಡ ಬಂದರೆ ಸಂತೋಷ. ಬಾರದಿದ್ದರೆ, ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆದದ್ದನ್ನು ಅಮ್ಮನಿಗೆ ಅಕ್ಷರಶಃ ಕನ್ನಡದಲ್ಲಿ ಓದಿ ಹೇಳಲಾಯಿತೆಂದು ಶಾಸನದಲ್ಲಿಯೇ ನಮೂದಿಸಬೇಕು.

ಎರಡು ತಪ್ಪು ತಿಳಿವಳಿಕೆಗಳನ್ನೂ ಇಲ್ಲಿ ಹೇಳಬೇಕು. ಮೊದಲನೆಯದು ನಾಮಿನಿ. ಬ್ಯಾಂಕಿನಲ್ಲಿ ನಾಮಿನಿಯಾದ ಮಗನು ಹಣವನ್ನು ತೆಗೆದುಕೊಳ್ಳುವವನು ಮಾತ್ರ, ಒಡೆಯನಲ್ಲ. ವಾರಸುದಾರರೆಲ್ಲರ ಪರವಾಗಿ ಅದನ್ನು ಹಿಡಿದಿರುತ್ತಾನೆ. ಷೇರುಗಳ ವಿಷಯದಲ್ಲಿಯೂ ಸುಪ್ರೀಂ ಕೋರ್ಟು 2023ರಲ್ಲಿ ಹೀಗೆಯೇ ಹೇಳಿತು. ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ಬಳಿಕ ಹೆಂಡತಿ, ಮಕ್ಕಳು, ತಂದೆತಾಯಿಗಳು ನಾಮಿನಿಯಾಗಿದ್ದರೆ ಹಣ ಅವರದೇ. ಎರಡನೆಯದು ಪವರ್ ಆಫ್ ಅಟಾರ್ನಿ. ಅಪ್ಪ ಬರೆದುಕೊಟ್ಟ ಆ ಅಧಿಕಾರಪತ್ರವು ಸಾಮಾನ್ಯವಾಗಿ ಅಪ್ಪನೊಡನೆಯೇ ಮುಗಿಯುತ್ತದೆ. ಅವರ ಕಾಲಾನಂತರ ಅದನ್ನು ಹಿಡಿದು ಮನೆ ಮಾರಹೊರಟರೆ ತೊಂದರೆ ಖಂಡಿತ. ಹೊರದೇಶದ ಮಕ್ಕಳು ಅಲ್ಲಿಂದ ಅಧಿಕಾರಪತ್ರ ಕಳುಹಿಸುವುದಾದರೆ, ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಶುಲ್ಕ ಕಟ್ಟಬೇಕೆಂಬುದನ್ನೂ ಮರೆಯಬಾರದು.

ಇಷ್ಟನ್ನೂ ಓದಿ ವಾಚಕರು ಗಾಬರಿಯಾಗಬೇಕಾಗಿಲ್ಲ. ಒಂದು ಭಾನುವಾರ ಬಿಡುವು ಮಾಡಿಕೊಂಡು ಗಂಡಹೆಂಡಿರು ಕುಳಿತು ಒಂದು ಪಟ್ಟಿ ಬರೆಯಿರಿ: ಇಲ್ಲಿನ ಮನೆಯ ಕ್ರಯಪತ್ರ ಮತ್ತು ಪಟ್ಟಾ, ಊರಿನ ಜಮೀನಿನ ಪಹಣಿ ಮತ್ತು ಖಾತೆ, ಬ್ಯಾಂಕಿನ ಪುಸ್ತಕಗಳು, ವಿಮೆ, ಒಡವೆ, ಕೊಟ್ಟ ಸಾಲ, ತಂದ ಸಾಲ. ಯಾವುದು ಸ್ವಂತದ್ದು, ಯಾವುದು ಹಿರಿಯರಿಂದ ಬಂದದ್ದು ಎಂದು ಗುರುತು ಹಾಕಿರಿ. ಅದನ್ನು ಹಿಡಿದು ವಕೀಲರಲ್ಲಿಗೆ ಹೋದರೆ ಅರ್ಧ ಕೆಲಸ ಮುಗಿದಂತೆ. ಮರಣಶಾಸನವನ್ನು ಎಲ್ಲಿಟ್ಟಿದ್ದೀರೆಂದು ಕಾರ್ಯನಿರ್ವಾಹಕರಿಗೆ ತಿಳಿಸಿರಿ. ಮನಸ್ಸು ಬದಲಾದರೆ ಬದುಕಿರುವವರೆಗೂ ಅದನ್ನು ಬದಲಾಯಿಸಬಹುದು.

ಪರಸ್ಥಳಕ್ಕೆ ಬಂದು, ಬೇರೆ ಭಾಷೆಯ ನಡುವೆ ಬಾಳಿ, ಹೊಟ್ಟೆಬಟ್ಟೆ ಕಟ್ಟಿ ನಮ್ಮವರು ಈ ಮನೆಗಳನ್ನು ಮಾಡಿದರು. ಅವು ಕೋರ್ಟಿನ ಕಟ್ಟೆಯಲ್ಲಿ ಕರಗದೆ ಮಕ್ಕಳಿಗೆ ನೆರಳಾಗಬೇಕಾದರೆ, ಕೈ ನಡುಗುವ ಮೊದಲೇ ರುಜು ಹಾಕುವುದು ಲೇಸು. ದೊಡ್ಡ ಹಬ್ಬಕ್ಕೆ ಮಕ್ಕಳೆಲ್ಲ ಮನೆಗೆ ಬಂದಾಗ, ಊಟವಾದ ಮೇಲೆ, ಈ ಮಾತನ್ನು ಎತ್ತಿರಿ. ಅದು ಅಶುಭದ ಮಾತಲ್ಲವೆಂದು ಆ ಮನೆಯ ಹೆಂಗಸರೇ ಮೊದಲು ಒಪ್ಪುವರೆಂದು ನಾವು ನಂಬಿದ್ದೇವೆ.