ಯೋಧನ ಬುತ್ತಿ: ಕೆಡಲೂಬಾರದು, ಸಪ್ಪೆಯಾಗಲೂಬಾರದು

ಚಿತ್ರದುರ್ಗದ ಕೋಟೆ ಹತ್ತಿದ ಸದಸ್ಯರು ಅಲ್ಲಿನ ಕಣಜಗಳನ್ನೂ ತುಪ್ಪದ ಕೊಳವನ್ನೂ ನೋಡಿರುತ್ತೀರಿ. ಮುತ್ತಿಗೆಯ ಕಾಲದಲ್ಲಿ ಕೋಟೆ ಕಾಯುವುದು ಮದ್ದುಗುಂಡು ಮಾತ್ರವಲ್ಲ, ಕೆಡದ ದವಸವೂ ಹೌದು. ಆದರೆ ಕೋಟೆಯೊಳಗಿನ ದಂಡಿಗೆ ಒಲೆಯಿತ್ತು, ನೀರಿತ್ತು. ಒಲೆ ಹೂಡಲಾಗದ ಕಡೆ ನಿಂತ ಯೋಧ ಏನುಣ್ಣಬೇಕು? 18,000 ಅಡಿ ಎತ್ತರದ ಹಿಮದಲ್ಲಿ ನೀರು ಸುಮಾರು 82 ಡಿಗ್ರಿ ಶಾಖಕ್ಕೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಬೇಳೆ ಸರಿಯಾಗಿ ಬೇಯದು.

ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ರಾಜ್ಯದಲ್ಲೇ. 1961ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ತಿಂಗಳುಗಟ್ಟಲೆ ಕೆಡದ ಚಪಾತಿ, ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟು, ಪೊಟ್ಟಣದಲ್ಲಿ ತುಂಬಿದ ಪಲಾವುಗಳನ್ನು ರೂಪಿಸಿತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಇಲ್ಲಿ ತಯಾರಾದ ರವೆ ಹಲ್ವ, ಆಲೂ ಛೋಲೆ, ತರಕಾರಿ ಪಲಾವು ಜೊತೆಗೆ ಹೋದವು.

ಇದರ ಕ್ರಮ ಎರಡು ಬಗೆ. ಒಂದು, ನೀರಿನಂಶ ತೆಗೆಯುವುದು. ನಮ್ಮ ಮನೆಗಳ ರಾಗಿ ಹುರಿಹಿಟ್ಟಿನದೂ ಇದೇ ತತ್ತ್ವ. ಇನ್ನೊಂದು, ಅಡಿಗೆಯನ್ನು ಅಲ್ಯೂಮಿನಿಯಂ ಪದರವಿರುವ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಒತ್ತಡದ ಹಬೆಯಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸುವುದು. ಕ್ರಿಮಿಗಳು ಸಾಯುತ್ತವೆ, ಶೀತಲಪೆಟ್ಟಿಗೆಯಿಲ್ಲದೆ ಅಡಿಗೆ ಉಳಿಯುತ್ತದೆ.

ಆದರೆ ರುಚಿ? ಎರಡು ಸಲ ಬೆಂದ ಅಡಿಗೆಯಲ್ಲಿ ಕೊತ್ತಂಬರಿಯ ಘಮ ಹೋಗುತ್ತದೆ, ಅನ್ನ ಮೆತ್ತಗಾಗುತ್ತದೆ, ಗರಿಗರಿಯೆಂಬುದು ಉಳಿಯುವುದೇ ಇಲ್ಲ. ಹೆಚ್ಚು ಬೆಂದಷ್ಟೂ ಹದಗೊಳ್ಳುವ ಹುಳಿ, ಕಡಲೆ, ಹಲ್ವಗಳು ಮಾತ್ರ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಇದು ನಾಲಗೆಯ ಚಪಲದ ಮಾತಲ್ಲ. ಎತ್ತರದ ಪ್ರದೇಶದಲ್ಲಿ ಮೊದಲೇ ಹಸಿವು ಕುಗ್ಗಿರುತ್ತದೆ. ದಿನವೂ ಅದೇ ಪೊಟ್ಟಣ ಬಿಚ್ಚಬೇಕಾದ ಯೋಧ ಅರ್ಧ ಉಂಡು ಬಿಸಾಡುತ್ತಾನೆ, ಕೃಶನಾಗುತ್ತಾನೆ. ಉಣ್ಣದ ಬುತ್ತಿಯಲ್ಲಿ ಎಷ್ಟು ಪೌಷ್ಟಿಕಾಂಶವಿದ್ದರೇನು?

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಮೊದಲನೆಯದು, ತೇವವೇ ಶತ್ರು. ಹಸಿ ಉಳಿದ ಅಡಿಕೆ ಚೀಲದಲ್ಲಿ ಬೂಷ್ಟು ಹಿಡಿದರೆ ಭೀಮಸಮುದ್ರದ ವ್ಯಾಪಾರಿ ಒಡೆದು ನೋಡಿದೊಡನೆ ದರ ಇಳಿಸುತ್ತಾನೆ. ಸರಿಯಾಗಿ ಒಣಗದ ಕಾಫಿಯೂ ಹಾಗೆಯೇ. ಮುಗ್ಗಲು ವಾಸನೆ ಹೊಕ್ಕರೆ ಯಾವ ಹುರಿತವೂ ಅದನ್ನು ಬಿಡಿಸದು.

ಎರಡನೆಯದು ತೆಂಗಿನ ಮಾತು. ಅದೇ ಪ್ರಯೋಗಾಲಯವು ತೆಂಗು ಅಭಿವೃದ್ಧಿ ಮಂಡಳಿಯೊಡನೆ ಸೇರಿ ಎಳನೀರನ್ನು ಪೊಟ್ಟಣ ಹಾಗೂ ಡಬ್ಬಿಗಳಲ್ಲಿ ಕೆಡದಂತಿಡುವ ತಂತ್ರವನ್ನು ಸಿದ್ಧಪಡಿಸಿತು. ಸೈನ್ಯಕ್ಕೆಂದು ಕಂಡುಹಿಡಿದ ಪೊಟ್ಟಣದ ವಿದ್ಯೆಯಿಂದ ಪೇಟೆಯ ಕಂಪನಿಗಳು ಸಿದ್ಧ ಆಹಾರ ಮಾರಿ ಬೆಳೆದಿವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬೆಳೆಗಾರರು ಮಾತ್ರ ಎಳನೀರನ್ನು ಕಾಯಿಯ ಲೆಕ್ಕದಲ್ಲೇ ಮಾರುತ್ತಾ ಕುಳಿತರೆ ಲಾಭ ಲಾರಿ ಹತ್ತಿ ಹೋಗುತ್ತದೆ. ಒಬ್ಬೊಬ್ಬರಿಗೆ ಇಂಥ ಘಟಕ ಭಾರ. ಸಹಕಾರಿಯಾಗಿ ನಿಂತರೆ ಎಟುಕದ್ದಲ್ಲ. ಸದಸ್ಯ ಬಾಂಧವರು ಈ ಬಗ್ಗೆ ಯೋಚಿಸಿ ಮುಂದಿನ ಸಭೆಗೆ ತಮ್ಮ ಅಭಿಪ್ರಾಯದೊಡನೆ ಬರಬೇಕೆಂದು ಕೋರಿಕೆ. ಯೋಧನ ಬುತ್ತಿಗೆ ಹೇಳಿದ ಮಾತು ನಮ್ಮ ಸರಕಿಗೂ ಸಲ್ಲುತ್ತದೆ: ಬಾಳಿಕೆ ಬಂದರೆ ಸಾಲದು, ಕೊಂಡವನು ಮತ್ತೆ ಕೇಳಬೇಕು.